ಶುಂಠಿ ಬೆಲ್ಲದ ಬಿಸಿನೀರು ಸರಿ, ರಕ್ತ ಎಲ್ಲಿಂದ ಬರಬೇಕು?

ಚೀನಾದಲ್ಲಿ ಹುಡುಗಿಯೊಬ್ಬಳು ಮುಟ್ಟಿನ ಹೊಟ್ಟೆನೋವು ಅಂತ ಮುದುರಿ ಮಲಗಿದರೆ ಮನೆಯವರು ಮೊದಲು ಒಲೆಯ ಮೇಲೆ ನೀರಿಡುತ್ತಾರೆ. ಶುಂಠಿ ಜಜ್ಜಿ ಹಾಕುತ್ತಾರೆ, ಕೆಂಪು ಸಕ್ಕರೆ ಕರಗಿಸುತ್ತಾರೆ, ಬಿಸಿ ಲೋಟವನ್ನು ಕೈಗೆ ಕೊಡುತ್ತಾರೆ. ಆ ಕೆಂಪು ಸಕ್ಕರೆಗೆ ಅವರು ಹೊಂಗ್‌ತಾಂಗ್ ಎನ್ನುತ್ತಾರೆ. ಕಬ್ಬಿನ ಹಾಲು ಕಾಯಿಸಿ, ಬೆಳ್ಳಗೆ ಮಾಡದೆ ಹಾಗೇ ಉಳಿಸಿಕೊಂಡ ಸಕ್ಕರೆ ಅದು. ನಮ್ಮ ಆಲೆಮನೆ ಬೆಲ್ಲಕ್ಕೆ ಹತ್ತಿರದ ನೆಂಟ.

ಈ ಲೋಟದ ಕಥೆ ಈಗ ವಿಡಿಯೊಗಳಲ್ಲಿ ನಮ್ಮ ಊರುಗಳ ಫೋನಿಗೂ ಬರುತ್ತಿದೆ. ಸಾವಿರಾರು ವರ್ಷದ ಚೀನೀ ವಿದ್ಯೆ, ಮೂರು ದಿನ ಕುಡಿದರೆ ನೋವೂ ಹೋಗುತ್ತದೆ, ಹೋದ ರಕ್ತವೂ ತುಂಬುತ್ತದೆ ಎಂಬ ಮಾತು ಜೊತೆಗೆ ಇರುತ್ತದೆ. ಬೆಲ್ಲವೂ ಶುಂಠಿಯೂ ಮನೆಯಲ್ಲೇ ಇರುವುದರಿಂದ ನಂಬುವುದು ಸುಲಭ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಮುಟ್ಟಾದ ಹೆಣ್ಣಿಗೆ ಬಿಸಿಯಾಗಿ ಏನಾದರೂ ಮಾಡಿಕೊಡಬೇಕು ಎನ್ನುವ ಚೀನೀ ಪದ್ಧತಿ ಒಳ್ಳೆಯದು, ಅದನ್ನು ನಾವು ಕಲಿಯಬಹುದು. ಆದರೆ ಆ ಲೋಟದಿಂದ ರಕ್ತ ತುಂಬುತ್ತದೆ ಎಂಬ ಮಾತು ಸುಳ್ಳು. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡದಿದ್ದರೆ ನಷ್ಟ ಆಗುವುದು ಮನೆಯ ಹೆಣ್ಣುಮಕ್ಕಳಿಗೆ.

ಅವರ ಲೆಕ್ಕ ಏನು

ಚೀನಾದ ಹಳೆಯ ವೈದ್ಯದಲ್ಲಿ ಹೆಣ್ಣಿನ ಆರೋಗ್ಯದ ಮಾತು ಶುರುವಾಗುವುದೇ ರಕ್ತದಿಂದ. ಸುಮಾರು 2000 ವರ್ಷ ಹಳೆಯದಾದ 'ಹುವಾಂಗ್‌ಡಿ ನೇಜಿಂಗ್' ಎಂಬ ಗ್ರಂಥ ಹೆಣ್ಣಿನ ಆಯುಸ್ಸನ್ನು ಏಳೇಳು ವರ್ಷಗಳ ಗಂಟುಗಳಾಗಿ ಎಣಿಸುತ್ತದೆ. ಏಳಕ್ಕೆ ಹಲ್ಲು ಬದಲಾಗುವುದು, 14ಕ್ಕೆ ಮುಟ್ಟು ಶುರು, 49ಕ್ಕೆ ನಿಲ್ಲುವುದು. ಏಳನೇ ಶತಮಾನದಲ್ಲಿದ್ದ ಸುನ್ ಸಿಮಿಯಾವ್ ಎಂಬ ವೈದ್ಯ ತನ್ನ ದೊಡ್ಡ ಗ್ರಂಥದಲ್ಲಿ ಹೆಂಗಸರ ಕಾಯಿಲೆಗಳ ಭಾಗವನ್ನು ಮುಂದಕ್ಕೆ ತಂದಿಟ್ಟ. ಹೆಂಗಸರ ಮೈಯನ್ನು ಬೇರೆಯಾಗಿಯೇ ನೋಡಿ ಮದ್ದು ಕೊಡಬೇಕು ಎಂಬುದು ಅವನ ನಿಲುವು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಈ ವೈದ್ಯದ ಪ್ರಕಾರ ಮೈಯಲ್ಲಿ ರಕ್ತ ಮತ್ತು 'ಚಿ' ಎಂಬ ಪ್ರಾಣಶಕ್ತಿ ಒಟ್ಟಿಗೆ ಹರಿಯಬೇಕು. ಹರಿವು ಸರಾಗವಾಗಿದ್ದರೆ ನೋವಿಲ್ಲ, ಎಲ್ಲೋ ತಡೆ ಬಿದ್ದರೆ ನೋವು. ತಡೆ ಬೀಳಲು ದೊಡ್ಡ ಕಾರಣ ಶೀತ. ಚಳಿಗೆ ತುಪ್ಪ ಗಟ್ಟಿಯಾದ ಹಾಗೆ ಶೀತಕ್ಕೆ ರಕ್ತ ಕಟ್ಟಿಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. ಅದಕ್ಕೇ ಆ ದಿನಗಳಲ್ಲಿ ತಣ್ಣೀರು, ಐಸ್‌ಕ್ರೀಮು, ಕಲ್ಲಂಗಡಿ, ಪೇರ್ ಹಣ್ಣು, ಏಡಿ ಬೇಡ. ಶುಂಠಿ, ಕೆಂಪು ಸಕ್ಕರೆ, ಒಣಗಿಸಿದ ಕೆಂಪು ಬೋರೆಹಣ್ಣು, ಕುರಿಮಾಂಸ ಬೇಕು. ಬರೀ ಮೈ ಸೋಕಿ ನೋಡಿದಾಗ ಬಿಸಿಯೋ ತಣ್ಣಗೋ ಅನ್ನುವುದಷ್ಟೇ ಲೆಕ್ಕವಲ್ಲ. ಪದಾರ್ಥದ ಒಳಗುಣವೇ ಉಷ್ಣವೋ ಶೀತವೋ ಎಂಬುದು ಲೆಕ್ಕ.

ಇಷ್ಟು ಓದುವಾಗ ನಿಮಗೆ ನಗು ಬಂದಿರಬಹುದು. ಇದು ನಮ್ಮ ಅಜ್ಜಿಯರ ಮಾತಿನ ಹಾಗೇ ಇದೆಯಲ್ಲ!

ಒಂದೇ ಮೈ, ಎರಡು ತೀರ್ಪು

ಹೌದು, ನಮ್ಮಲ್ಲೂ ಉಷ್ಣ, ತಂಪು ಎಂಬ ಲೆಕ್ಕ ಇದೆ. ಆದರೆ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ತಮಾಷೆ ಕಾಣುತ್ತದೆ.

ನಮ್ಮ ಕಡೆ ಮುಟ್ಟಿನ ವಿಷಯ ಬಂದರೆ ಹೆದರಿಕೆ ಇರುವುದು ಉಷ್ಣಕ್ಕೆ. ಮುಟ್ಟು ತಡವಾದರೆ ಪಪ್ಪಾಯ, ಎಳ್ಳು ತಿನ್ನು, ಉಷ್ಣಕ್ಕೆ ಆಗಿಬಿಡುತ್ತದೆ ಎನ್ನುತ್ತಾರೆ. ಸ್ರಾವ ಜಾಸ್ತಿಯಾದರೆ ಮೈಗೆ ಉಷ್ಣವಾಗಿದೆ, ಮಜ್ಜಿಗೆ ಕುಡಿ, ಎಳನೀರು ಕುಡಿ ಎನ್ನುತ್ತಾರೆ. ಬಿಸಿಲುಗಾಲದಲ್ಲಿ ಮೈ ತಂಪಾಗಲಿ ಅಂತ ಕಲ್ಲಂಗಡಿ ಕೊಯ್ದು ಕೊಡುತ್ತಾರೆ. ಅದೇ ಕಲ್ಲಂಗಡಿಯನ್ನು ಚೀನಾದ ತಾಯಿ ಮಗಳ ಕೈಯಿಂದ ಕಿತ್ತಿಡುತ್ತಾಳೆ.

ಗರ್ಭಕೋಶ ಚೀನಾದಲ್ಲೂ ಅದೇ, ಚಿತ್ರದುರ್ಗದಲ್ಲೂ ಅದೇ. ಒಂದು ಕಡೆ ತಂಪು ಶತ್ರು, ಇನ್ನೊಂದು ಕಡೆ ಉಷ್ಣ ಶತ್ರು ಎಂದಾಗ ಎರಡೂ ಮೈಯ ನಿಯಮ ಆಗಿರಲು ಸಾಧ್ಯವಿಲ್ಲ. ಅವು ಆಯಾ ಊರಿನ ಹವೆ, ಅಡುಗೆ, ಹಿರಿಯರ ಅನುಭವದಿಂದ ಬೆಳೆದ ಪದ್ಧತಿಗಳು. ಪದ್ಧತಿಗೆ ಗೌರವ ಕೊಡೋಣ. ಆದರೆ ಪದ್ಧತಿಯನ್ನು ತೋರಿಸಿ ಹುಡುಗಿಯರನ್ನು ಹೆದರಿಸುವುದು ಬೇಡ.

2016ರಲ್ಲಿ ರಿಯೊ ಒಲಿಂಪಿಕ್ಸ್ ನಡೆಯಿತು. ಚೀನಾದ ಈಜುಗಾರ್ತಿ ಫು ಯುವಾನ್‌ಹುಯಿ ತಂಡದ ರಿಲೇ ಸ್ಪರ್ಧೆ ಮುಗಿಸಿ ಹೊರಬಂದಳು. ತಂಡ ನಾಲ್ಕನೇ ಸ್ಥಾನಕ್ಕೆ ಬಂದಿತ್ತು. ಟಿವಿ ಕ್ಯಾಮೆರಾ ಮುಂದೆಯೇ ಅವಳು, ನಿನ್ನೆ ಮುಟ್ಟಾಯಿತು, ಅದಕ್ಕೆ ಸ್ವಲ್ಪ ಸುಸ್ತಾಗಿತ್ತು ಎಂಬ ಅರ್ಥದ ಮಾತು ಹೇಳಿದಳು. ಚೀನಾದ ಇಂಟರ್‌ನೆಟ್‌ನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ತುಂಬಾ ಜನ ಅವಳ ಧೈರ್ಯ ಮೆಚ್ಚಿದರು. ಮುಟ್ಟಾದಾಗ ನೀರಿಗೆ ಇಳಿಯಬಹುದಾ ಎಂದು ಬಾಯಿಬಿಟ್ಟು ಕೇಳಿದವರೂ ಇದ್ದರು. ಶೀತದ ಭಯ ಅಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಇದೊಂದೇ ಸಾಕು. ಅದೇ ಹುಡುಗಿ ಅದೇ ಕೂಟದಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದಿದ್ದಳು.

ಲೋಟದಲ್ಲಿ ನಿಜ ಎಷ್ಟು

ಹಾಗಂತ ಎಲ್ಲವನ್ನೂ ಗಾಳಿಗೆ ತೂರುವುದು ಬೇಡ. ಮುಟ್ಟಿನ ನೋವು ಯಾಕೆ ಬರುತ್ತದೆ ಎಂದು ಇವತ್ತಿನ ವೈದ್ಯಕೀಯ ಚೆನ್ನಾಗಿ ತಿಳಿದುಕೊಂಡಿದೆ. ಆ ದಿನಗಳಲ್ಲಿ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಅವು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತವೆ. ಹಿಂಡಿದಾಗ ಅಲ್ಲಿಗೆ ರಕ್ತ ಹರಿಯುವುದು ಕಡಿಮೆಯಾಗಿ ನೋವು ಬರುತ್ತದೆ. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಮಾತ್ರೆಗಳು ಕೆಲಸ ಮಾಡುವುದು ಈ ರಾಸಾಯನಿಕ ಹುಟ್ಟುವುದನ್ನು ತಡೆದು.

ಕಿಬ್ಬೊಟ್ಟೆಗೆ ಶಾಖ ಕೊಟ್ಟರೆ ಈ ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಪ್ರಯೋಗಗಳ ಆಧಾರ ಇದೆ. ಬಿಸಿನೀರಿನ ಬ್ಯಾಗು, ಬಿಸಿ ಬಟ್ಟೆ, ಎರಡೂ ಸರಿ. ಶುಂಠಿಯ ಬಗ್ಗೆಯೂ ಪರೀಕ್ಷೆ ನಡೆದಿವೆ. ಮುಟ್ಟಿನ ಮೊದಲ ಮೂರು ನಾಲ್ಕು ದಿನ ಶುಂಠಿ ಪುಡಿ ತೆಗೆದುಕೊಂಡವರಿಗೆ ನೋವು ಕಡಿಮೆಯಾದದ್ದನ್ನು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಆದರೆ ಅವು ಸಣ್ಣವು, ಪೂರ್ತಿ ಗಟ್ಟಿಯಲ್ಲ.

ಚೀನೀ ಗಿಡಮೂಲಿಕೆಗಳ ಕಥೆಯೂ ಹೀಗೇ. ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆ ಇದೆ. ಮುಟ್ಟಿನ ನೋವಿಗೆ ಚೀನೀ ಮೂಲಿಕೆ ಕೊಟ್ಟ 39 ಪ್ರಯೋಗಗಳನ್ನು ಅದು 2008ರಲ್ಲಿ ಪರಿಶೀಲಿಸಿತು. ಅವುಗಳಲ್ಲಿ 3475 ಹೆಂಗಸರು ಇದ್ದರು. ಫಲ ಭರವಸೆ ಹುಟ್ಟಿಸುವಂತಿದೆ, ಆದರೆ ಪ್ರಯೋಗ ಮಾಡಿದ ರೀತಿ ಚೆನ್ನಾಗಿಲ್ಲ, ಅದರಿಂದ ಖಚಿತವಾಗಿ ಹೇಳಲಾಗದು ಎಂಬುದು ಅದರ ಸಾರ. ಪೂರ್ತಿ ಸುಳ್ಳು ಎನ್ನುವವರಿಗೂ, ಪೂರ್ತಿ ನಿಜ ಎನ್ನುವವರಿಗೂ ಇದೇ ಉತ್ತರ.

ಅಂದರೆ ಬಿಸಿ ಲೋಟದಿಂದ ನೋವಿಗೆ ಸ್ವಲ್ಪ ಆರಾಮ ಸಿಗಬಹುದು. ಇಷ್ಟನ್ನು ಒಪ್ಪೋಣ. ಮುಂದಿನ ಮಾತು ರಕ್ತದ್ದು.

ಇಪ್ಪತ್ತು ರೂಪಾಯಿ ಸಾಲಕ್ಕೆ ಎಂಟಾಣೆ

ಒಂದು ಸಾಮಾನ್ಯ ಮುಟ್ಟಿನಲ್ಲಿ ಸುಮಾರು 30ರಿಂದ 40 ಮಿಲಿ ರಕ್ತ ಹೋಗುತ್ತದೆ. ಅದರ ಜೊತೆ ಸುಮಾರು 15ರಿಂದ 20 ಮಿಲಿಗ್ರಾಂ ಕಬ್ಬಿಣಾಂಶ ಹೋಗುತ್ತದೆ. ರಕ್ತ ತುಂಬುವುದು ಅಂದರೆ ಮುಖ್ಯವಾಗಿ ಈ ಕಬ್ಬಿಣಾಂಶವನ್ನು ಊಟದಿಂದ ವಾಪಸ್ ತುಂಬುವುದು.

100 ಗ್ರಾಂ ಚೀನೀ ಕೆಂಪು ಸಕ್ಕರೆಯಲ್ಲಿ ಇರುವುದು ಸುಮಾರು 2 ಮಿಲಿಗ್ರಾಂ ಕಬ್ಬಿಣಾಂಶ. ಒಂದು ಲೋಟಕ್ಕೆ 15 ಗ್ರಾಂ ಹಾಕಿದರೆ ಸಿಗುವುದು 0.3 ಮಿಲಿಗ್ರಾಂ. ದಿನಕ್ಕೆ ಮೂರು ಲೋಟದಂತೆ ಐದು ದಿನ ಕುಡಿದರೆ 15 ಲೋಟ, ಒಟ್ಟು ನಾಲ್ಕೂವರೆ ಮಿಲಿಗ್ರಾಂ. ಸಸ್ಯದಿಂದ ಬಂದ ಕಬ್ಬಿಣಾಂಶ ಪೂರ್ತಿ ಮೈಗೆ ಹತ್ತುವುದಿಲ್ಲ. ಹತ್ತರಲ್ಲಿ ಒಂದು ಪಾಲು ಹತ್ತಿತು ಎಂದುಕೊಂಡರೂ ಸೇರುವುದು ಅರ್ಧ ಮಿಲಿಗ್ರಾಂಗಿಂತ ಕಡಿಮೆ. ಇಪ್ಪತ್ತು ರೂಪಾಯಿ ಸಾಲಕ್ಕೆ ಎಂಟಾಣೆ ಕಟ್ಟಿ, ಸಾಲ ತೀರಿತು ಅಂದ ಹಾಗಾಯಿತು. ಬೆಲ್ಲದಲ್ಲಿ ಕಬ್ಬಿಣಾಂಶ ಇದಕ್ಕಿಂತ ಸ್ವಲ್ಪ ಹೆಚ್ಚಿರಬಹುದು. ಎರಡು ಪಟ್ಟು ಅಂದುಕೊಂಡರೂ ಎಂಟಾಣೆ ಒಂದು ರೂಪಾಯಿ ಆಗುತ್ತದೆ, ಅಷ್ಟೇ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಒಂದು ಕಾರಣ ಬಣ್ಣ. ಕೆಂಪು ಸಕ್ಕರೆ, ಕೆಂಪು ಬೋರೆಹಣ್ಣು, ಕೆಂಪು ಕಾಳು. ಕೆಂಪಗಿರುವುದು ಕೆಂಪನ್ನೇ ತುಂಬುತ್ತದೆ ಎಂಬ ಭಾವನೆ. ನಾವೂ ಬೀಟ್‌ರೂಟ್, ದಾಳಿಂಬೆ ತಂದುಕೊಟ್ಟು ರಕ್ತ ಆಗುತ್ತದೆ ಎನ್ನುತ್ತೇವೆ. ಅವೆರಡೂ ಒಳ್ಳೆಯ ಆಹಾರವೇ. ಆದರೆ ಬಣ್ಣಕ್ಕೂ ಕಬ್ಬಿಣಾಂಶಕ್ಕೂ ಸಂಬಂಧವಿಲ್ಲ. ಕಪ್ಪಗಿರುವ ಹುಚ್ಚೆಳ್ಳು, ಕಂದು ಬಣ್ಣದ ಹುರುಳಿ, ಹಸಿರು ನುಗ್ಗೆಸೊಪ್ಪು ಈ ವಿಷಯದಲ್ಲಿ ಬೀಟ್‌ರೂಟಿಗಿಂತ ಎಷ್ಟೋ ಮುಂದೆ.

ಹಳಬರು ಕೊಟ್ಟದ್ದು ಬರೀ ಸಿಹಿನೀರೂ ಅಲ್ಲ. ಸುಮಾರು 1800 ವರ್ಷದ ಹಿಂದೆ ಇದ್ದ ಝಾಂಗ್ ಝೋಂಗ್‌ಜಿಂಗ್ ಎಂಬ ಪ್ರಸಿದ್ಧ ವೈದ್ಯ ಬಾಣಂತಿಯ ಹೊಟ್ಟೆನೋವಿಗೆ ಒಂದು ಸಾರು ಬರೆದಿಟ್ಟಿದ್ದಾನೆ. ಅದರಲ್ಲಿ ಇರುವುದು ಮೂರೇ: ದಾಂಗ್ ಗುಯಿ ಎಂಬ ಬೇರು, ಶುಂಠಿ ಮತ್ತು ಕುರಿಮಾಂಸ. ಇವತ್ತಿಗೂ ಚೀನಾದ ಮನೆಗಳಲ್ಲಿ ಲಿವರ್ ಹಾಕಿದ ಪಾಲಕ್ ಸೂಪು, ಬಾತುಕೋಳಿ ರಕ್ತವನ್ನು ಗಟ್ಟಿ ಮಾಡಿ ಬೇಯಿಸಿದ ತಿನಿಸು ಇವೆ. ಮಾಂಸ, ಲಿವರ್, ರಕ್ತದಲ್ಲಿರುವ ಕಬ್ಬಿಣಾಂಶ ಮೈಗೆ ಬೇಗ ಹತ್ತುತ್ತದೆ. ಆ ಅಡುಗೆಗಳಿಗೆ ಸಮಯ ಬೇಕು, ದುಡ್ಡು ಬೇಕು. ಸಕ್ಕರೆ ಶುಂಠಿಯ ಪುಡಿಯನ್ನು ಚಿಕ್ಕ ಪೊಟ್ಟಣದಲ್ಲಿ ಕಟ್ಟಿ ಅಂಗಡಿಯಲ್ಲಿ ಮಾರುವುದು ಸುಲಭ. ಹಾಗೆ ಸಾರಿನಿಂದ ಮಾಂಸ ಹೋಯಿತು, ಸಕ್ಕರೆ ಉಳಿಯಿತು.

ಹಳೆಯ ವೈದ್ಯರು ನಾಡಿ ಹಿಡಿದು, ನಾಲಿಗೆ ನೋಡಿ, ಒಬ್ಬಳ ನೋವು ಶೀತದ್ದೋ, ಉಷ್ಣದ್ದೋ, ರಕ್ತ ಕಮ್ಮಿಯಾದದ್ದೋ ಎಂದು ಬೇರೆ ಮಾಡಿ ಬೇರೆ ಬೇರೆ ಮದ್ದು ಕೊಡುತ್ತಿದ್ದರು. ಅವರ ಶಾಸ್ತ್ರದ ಪ್ರಕಾರವೇ ಶುಂಠಿ ಎಲ್ಲರಿಗೂ ಸರಿಹೋಗುವುದಿಲ್ಲ. ಎಲ್ಲರಿಗೂ ಒಂದೇ ಲೋಟ ಎಂಬುದು ಹಳೆಯ ಶಾಸ್ತ್ರ ಹೇಳಿದ್ದಲ್ಲ, ವ್ಯಾಪಾರ ಹೇಳಿದ್ದು. ಸಾವಿರಾರು ವರ್ಷದ ವಿದ್ಯೆ ಸುಳ್ಳಾಗುತ್ತದಾ ಎಂದು ಕೇಳುವವರಿಗೆ ನಮ್ಮ ಉತ್ತರ ಇದು.

ಕತ್ತೆಗಳ ಚರ್ಮ, ಹೆಂಗಸರ ರಕ್ತ

ವ್ಯಾಪಾರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇನ್ನೊಂದು ಕಥೆ ಇದೆ. ಚೀನಾದಲ್ಲಿ ಹೆಂಗಸರ ರಕ್ತ ತುಂಬಲು ಅಂತ ಮಾರುವ ದುಬಾರಿ ಪದಾರ್ಥ ಎಜಿಯಾವ್. ಕತ್ತೆ ಚರ್ಮವನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಅಂಟು ಅದು. ಶಾಂಡೊಂಗ್ ಪ್ರಾಂತ್ಯದ ದೊಂಗ್'ಎ ಎಂಬ ಊರು ಇದಕ್ಕೆ ಹೆಸರುವಾಸಿ. ಹಿಂದೆ ಅರಮನೆಯವರ, ಶ್ರೀಮಂತರ ಪದಾರ್ಥವಾಗಿತ್ತು. ಚೀನಾದವರ ಕೈಯಲ್ಲಿ ದುಡ್ಡು ಓಡಾಡತೊಡಗಿದ ಮೇಲೆ ಬೇಡಿಕೆ ಏರಿತು. ಅಲ್ಲಿ 1990ರ ಸುಮಾರಿಗೆ ಒಂದು ಕೋಟಿಗೂ ಹೆಚ್ಚು ಕತ್ತೆಗಳಿದ್ದವು. ಆಮೇಲೆ ಟ್ರ್ಯಾಕ್ಟರು ಬಂದು ಕತ್ತೆ ಸಾಕುವವರು ಕಡಿಮೆಯಾದರು, ಚರ್ಮದ ಬೇಡಿಕೆಯೂ ಸೇರಿತು. ಈಗ ಮೂವತ್ತು ಲಕ್ಷವೂ ಇಲ್ಲ.

2018ರ ಫೆಬ್ರವರಿಯಲ್ಲಿ ಚೀನಾದ ಸರ್ಕಾರಿ ಆರೋಗ್ಯ ಸಹಾಯವಾಣಿ 12320ರ ಸಾಮಾಜಿಕ ಜಾಲತಾಣದ ಖಾತೆ ಒಂದು ಮಾತು ಹಾಕಿತು. ಎಜಿಯಾವ್ ಅಂದರೆ ಕುದಿಸಿದ ಕತ್ತೆ ಚರ್ಮ, ಪೌಷ್ಟಿಕತೆಯ ದೃಷ್ಟಿಯಿಂದ ಅದು ಒಳ್ಳೆಯ ಆಯ್ಕೆಯಲ್ಲ ಎಂಬುದು ಅದರ ಸಾರ. ಗಲಾಟೆ ಎದ್ದಿತು. ಕೆಲವೇ ದಿನಗಳಲ್ಲಿ ಆ ಖಾತೆ ಕ್ಷಮೆ ಕೇಳಿತು.

ಅಲ್ಲಿ ಕತ್ತೆ ಕಮ್ಮಿಯಾದಾಗ ಕಣ್ಣು ಬಿದ್ದದ್ದು ಆಫ್ರಿಕಾದ ಮೇಲೆ. ಅಲ್ಲಿನ ಹಳ್ಳಿಗಳಲ್ಲಿ ಕತ್ತೆ ಅಂದರೆ ನೀರು, ಸೌದೆ, ಸಂತೆಯ ಸಾಮಾನು ಹೊರುವ ಜೀವ. ರಾತ್ರಿ ಕಟ್ಟಿಹಾಕಿದ ಕತ್ತೆ ಬೆಳಿಗ್ಗೆ ಇರುತ್ತಿರಲಿಲ್ಲ. ಕದ್ದು ಕೊಂದು ಚರ್ಮ ಸುಲಿದು ಸಾಗಿಸುತ್ತಿದ್ದರು. ಕತ್ತೆ ಹೋದ ಮನೆಯಲ್ಲಿ ಆ ಭಾರ ಹೆಂಗಸರ, ಹುಡುಗಿಯರ ತಲೆಗೇರಿತು. ಕೊನೆಗೆ 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟ ಚರ್ಮಕ್ಕಾಗಿ ಕತ್ತೆ ಕೊಲ್ಲುವುದನ್ನು 15 ವರ್ಷ ನಿಲ್ಲಿಸಲು ತೀರ್ಮಾನ ಮಾಡಿತು.

ಒಂದು ದೇಶದ ಹೆಣ್ಣಿನ ರಕ್ತ ತುಂಬುತ್ತೇವೆ ಎಂದು ಹೊರಟ ವ್ಯಾಪಾರ ಇನ್ನೊಂದು ದೇಶದ ಹೆಣ್ಣಿನ ತಲೆ ಮೇಲೆ ಕೊಡ ಹೊರಿಸಿತು. ಆಹಾರ ನಂಬಿಕೆ ಅಂದರೆ ಮನೆಯ ಒಳಗಿನ ಮಾತು, ಯಾರಿಗೇನು ತೊಂದರೆ ಎನ್ನುವವರು ಇದನ್ನೊಂದು ಸಲ ಯೋಚಿಸಬೇಕು.

ನೋವೂ ಅವಳದೇ, ತಪ್ಪೂ ಅವಳದೇ

ನಮಗೆ ಹೆಚ್ಚು ಕಾಡುವುದು ಇನ್ನೊಂದು ವಿಷಯ. ಶೀತದಿಂದ ನೋವು ಬರುತ್ತದೆ ಎಂದು ಒಪ್ಪಿಕೊಂಡ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ನೀನು ಏನು ತಿಂದೆ? ಐಸ್‌ಕ್ರೀಮು ತಿಂದೆಯಾ, ತಣ್ಣೀರಲ್ಲಿ ತಲೆ ತೊಳೆದೆಯಾ? ನೋವು ಅನುಭವಿಸುವವಳೇ ಅಪರಾಧಿಯಾಗುತ್ತಾಳೆ. ನಮ್ಮಲ್ಲಿ ಹುಣಸೆಹಣ್ಣು ತಿಂದೆಯಾ, ಪಪ್ಪಾಯ ತಿಂದೆಯಾ ಎಂದು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಚೀನಾದ ಯುವತಿಯರು ಇದಕ್ಕೆ ಒಂದು ಜೋಕು ಮಾಡಿಕೊಂಡಿದ್ದಾರೆ. ಹೊಟ್ಟೆನೋವು ಎಂದರೆ ಹುಡುಗ ಹೇಳುವ ಒಂದೇ ಮಾತು 'ಬಿಸಿನೀರು ಜಾಸ್ತಿ ಕುಡಿ'. ಜ್ವರಕ್ಕೂ ಅದೇ, ಬೇಜಾರಿಗೂ ಅದೇ. ಪುಕ್ಕಟೆ ಸಲಹೆ ಕೊಟ್ಟು ಕೈ ತೊಳೆದುಕೊಳ್ಳುವವರಿಗೆ ಆ ಮಾತು ಅಲ್ಲಿ ಅಡ್ಡಹೆಸರಾಗಿದೆ.

ಜೋಕಿನ ಹಿಂದೆ ಅಪಾಯವೂ ಇದೆ. ಮುಟ್ಟಿನ ನೋವೆಲ್ಲ ಒಂದೇ ಥರ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬರಿಗೆ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಇದೆ. ಗರ್ಭಕೋಶದ ಒಳಪದರದಂಥ ಪದರ ಹೊರಗೆ ಬೇರೆ ಕಡೆ ಬೆಳೆಯುವ ಕಾಯಿಲೆ ಇದು. ಗಡ್ಡೆಯಿಂದಲೂ ನೋವು, ಸ್ರಾವ ಬರಬಹುದು. ಇಂಥವರಿಗೆ ವರ್ಷಗಟ್ಟಲೆ ಲೋಟ ಕೊಟ್ಟುಕೊಂಡು ಕೂತರೆ ಕಾಯಿಲೆ ಒಳಗೇ ಬೆಳೆಯುತ್ತದೆ.

ಮೂಲಿಕೆಯಾದರೆ ಏನೂ ಆಗುವುದಿಲ್ಲ ಎಂಬುದೂ ತಪ್ಪು. ಮೇಲೆ ಹೇಳಿದ ದಾಂಗ್ ಗುಯಿ ಬೇರನ್ನು, ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತಗೊಳ್ಳುವವರು ಸೇವಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಬಸುರಿಯರೂ ಅದರ ತಂಟೆಗೆ ಹೋಗಬಾರದು. ಫೋನಿನಲ್ಲಿ ಆರ್ಡರ್ ಮಾಡಿದ ಪುಡಿ, ಗುಳಿಗೆಯನ್ನು ವೈದ್ಯರಿಗೆ ತೋರಿಸದೆ ನುಂಗಬೇಡಿ.

ಲೋಟಕ್ಕಿಂತ ದೊಡ್ಡ ಆರೈಕೆ

ಚೀನಾದಿಂದ ನಿಜವಾಗಿ ಕಲಿಯಬೇಕಾದದ್ದು ನಮಗೆ ಕಂಡದ್ದು ಅಡುಗೆಮನೆಯಲ್ಲಲ್ಲ, ಹೊಲದಲ್ಲಿ. 1950ರ ದಶಕದಲ್ಲಿ ಅಲ್ಲಿ ಸಾಮೂಹಿಕ ಬೇಸಾಯ ಬಂದಾಗ ಹೆಂಗಸರೆಲ್ಲ ಗದ್ದೆಗಿಳಿದರು. ಆಗ ಕೆಲಸ ಹಂಚುವವರಿಗೆ ಮೂರು ಸೂತ್ರ ಹೇಳಿಕೊಟ್ಟರು. ಮುಟ್ಟಾದವಳಿಗೆ ಒಣ ಕೆಲಸ ಕೊಡಿ, ನೀರಿನ ಕೆಲಸ ಬೇಡ. ಬಸುರಿಗೆ ಹಗುರ ಕೆಲಸ ಕೊಡಿ, ಭಾರದ್ದು ಬೇಡ. ಹಾಲೂಡಿಸುವವಳಿಗೆ ಹತ್ತಿರದ ಹೊಲ ಕೊಡಿ, ದೂರದ್ದು ಬೇಡ. ಎಲ್ಲ ಕಡೆ ಇದು ನಡೆಯಿತು ಎಂದಲ್ಲ. ಆದರೆ ಹೇಳಿದ್ದನ್ನು ಗಮನಿಸಿ. ಮುಟ್ಟಾದವಳ ಆರೈಕೆ ಬರೀ ಅವಳ ಅಮ್ಮನ ಕೆಲಸವಲ್ಲ, ಕೆಲಸ ಮಾಡಿಸುವವನ ಕೆಲಸವೂ ಹೌದು.

2012ರಲ್ಲಿ ಚೀನಾ ಸರ್ಕಾರ ಹೊರಡಿಸಿದ ನಿಯಮದಲ್ಲೂ ಇದರ ನೆರಳಿದೆ. ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳಿಂದ ನಿಗದಿತ ಮಟ್ಟ ಮೀರಿದ ತಣ್ಣೀರಿನ ಕೆಲಸ, ಶೀತದ ಜಾಗದ ಕೆಲಸ, ತೀರಾ ಭಾರದ ಕೆಲಸ ಮಾಡಿಸಬಾರದು ಎಂದು ಅದು ಹೇಳುತ್ತದೆ. ಶೀತದಿಂದ ರಕ್ತ ಕಟ್ಟುತ್ತದೆ ಎಂಬ ವಾದವನ್ನು ನಾವು ಒಪ್ಪಬೇಕಿಲ್ಲ. ನೋವಿನಲ್ಲಿರುವವಳಿಗೆ ಹಗುರ ಕೆಲಸ ಕೊಡಬೇಕು ಎಂಬುದನ್ನು ಒಪ್ಪಲು ಯಾವ ಶಾಸ್ತ್ರವೂ ಬೇಕಾಗಿಲ್ಲ.

ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಸರ್ಕಾರಿ, ಖಾಸಗಿ ಕೆಲಸದಲ್ಲಿರುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಬೆಳಿಗ್ಗೆ ಎಂಟಕ್ಕೆ ನಾಟಿಗೆ ಹೋಗುವ ಕೂಲಿ ಹೆಣ್ಣಿಗೆ ರಜೆ ಕೊಡುವವರು ಯಾರು? ಅವಳು ಒಂದು ದಿನ ಮನೆಯಲ್ಲಿ ಉಳಿದರೆ ಆ ದಿನದ ಕೂಲಿ ಹೋಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಎಷ್ಟೋ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಕೆಲಸ ತಪ್ಪಿದರೆ ಕೂಲಿ ಕಡಿತ ಎಂಬ ಭಯವೂ ಅದರ ಹಿಂದಿತ್ತು. ಅಂಥವರಿಗೆ ಶುಂಠಿ ನೀರಿನ ವಿಡಿಯೊ ಕಳಿಸುವುದು ಹುಡುಗಾಟ.

ಚೀನಾದಲ್ಲಿ ಮೈಲಿಗೆಯ ಮಾತು ಇರಲೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಅಲ್ಲೂ ಮುಟ್ಟಾದವಳು ದೇವರ ಜಾಗಕ್ಕೆ ಬರಬಾರದು ಎಂಬ ಕಟ್ಟಳೆ ಇತ್ತು. ಆದರೂ ಅಲ್ಲಿನ ಮನೆಯಲ್ಲಿ ಮೊದಲು ಕೇಳುವುದು ಏನು ಮಾಡಿಕೊಡಲಿ ಎಂದು. ನಮ್ಮ ಎಷ್ಟೋ ಮನೆಗಳಲ್ಲಿ ಮೊದಲು ಹೇಳುವುದು ಒಳಗೆ ಬರಬೇಡ, ಮುಟ್ಟಬೇಡ ಎಂದು. ತಟ್ಟೆ ಬೇರೆ, ಚಾಪೆ ಬೇರೆ, ಊಟ ಎಲ್ಲರದ್ದೂ ಆದ ಮೇಲೆ. ಹೊರಗೆ ಕೂತವಳಿಗೆ ಉಳಿದದ್ದೇ ಊಟ ಎಂದಾದರೆ ರಕ್ತ ಎಲ್ಲಿಂದ ಬರಬೇಕು?

ನಾವು ಏನು ಮಾಡಬಹುದು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 47.8% ಜನರಿಗೆ ರಕ್ತಹೀನತೆ ಇದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಅದಕ್ಕೇ ಇಷ್ಟು ಮಾಡಿ ಎಂದು ಕೇಳುತ್ತೇವೆ.

ಬಿಸಿನೀರು, ಶುಂಠಿ, ಕಿಬ್ಬೊಟ್ಟೆಗೆ ಶಾಖ ಬೇಕೆನಿಸಿದರೆ ಕೊಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ ಬಿಟ್ಟು ಕೊಡಿ. ತಣ್ಣಗಿನದು ತಿಂದಳು ಎಂದು ಯಾರನ್ನೂ ಬಯ್ಯಬೇಡಿ.

ರಕ್ತಕ್ಕೆ ಬೇಕಾದ ಊಟ ಐದು ದಿನದ್ದಲ್ಲ, ತಿಂಗಳ ಮೂವತ್ತು ದಿನದ್ದು. ರಾಗಿ, ಹುರುಳಿ, ಸೊಪ್ಪು, ಹುಚ್ಚೆಳ್ಳಿನ ಚಟ್ನಿ, ಅಳವಿ ಉಂಡಿ ತಿನ್ನಲಿ. ತಿನ್ನುವ ಮನೆಯವರಾದರೆ ಮಾಂಸ, ಲಿವರ್ ಅವಳ ತಟ್ಟೆಗೂ ಬೀಳಲಿ, ಗಂಡಸರದ್ದು ಆದ ಮೇಲೆ ಉಳಿದ ಸಾರಲ್ಲ. ಊಟಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಟೀ ಕುಡಿದರೆ ಹತ್ತುವುದಿಲ್ಲ, ಒಂದೆರಡು ಗಂಟೆ ಬಿಡಿ.

ಶಾಲೆಯಲ್ಲಿ, ಅಂಗನವಾಡಿಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಬಿಸಾಡಬೇಡಿ. ಹುಡುಗಿಯರಿಗೆ ಕೊಡುವ ಆ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಇದೆ. ಚೀನೀ ಲೆಕ್ಕದಲ್ಲಿ 200 ಲೋಟ ಕೆಂಪು ಸಕ್ಕರೆ ನೀರಿಗೆ ಸಮ. ಮಲ ಕಪ್ಪಗಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಊಟ ಆದ ಮೇಲೆ ತಗೊಂಡರೆ ಅದು ಕಡಿಮೆ.

ಆಶಾ ಕಾರ್ಯಕರ್ತೆಯನ್ನು ಕೇಳಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬಸುರಿಯಲ್ಲದ ಹೆಣ್ಣಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನೋವಿನ ಮಾತ್ರೆ ತಗೊಂಡರೆ ಗರ್ಭಕೋಶಕ್ಕೆ ಪೆಟ್ಟು, ಮಕ್ಕಳಾಗುವುದಿಲ್ಲ ಎಂಬ ಮಾತನ್ನು ಕೇಳಿ ಹುಡುಗಿಯನ್ನು ನರಳಲು ಬಿಡಬೇಡಿ. ಹೊಟ್ಟೆಹುಣ್ಣು, ಅಸ್ತಮಾ, ಕಿಡ್ನಿ ತೊಂದರೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ.

ಗಂಟೆಗೊಂದು ಪ್ಯಾಡ್ ತೋಯುವುದು, ಏಳು ದಿನ ದಾಟಿ ಸ್ರಾವ, ದೊಡ್ಡ ಗಡ್ಡೆಗಳು ಬೀಳುವುದು, ಪ್ರತಿ ತಿಂಗಳು ಶಾಲೆಗೋ ಕೆಲಸಕ್ಕೋ ಹೋಗಲಾಗದಷ್ಟು ನೋವು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ. ಇವುಗಳಲ್ಲಿ ಒಂದಿದ್ದರೂ ಲೋಟ ಬದಿಗಿಟ್ಟು ಆಸ್ಪತ್ರೆಗೆ ಹೋಗಿ.

ಇನ್ನು ಕೆಲಸ ಮಾಡಿಸುವವರಿಗೆ ಒಂದು ಮಾತು. ಆಳು ಕರೆಯುವ ಮೇಸ್ತ್ರಿಗಳೇ, ಗದ್ದೆಯ ಯಜಮಾನರೇ, ಸ್ವಸಹಾಯ ಸಂಘದ ಅಕ್ಕಂದಿರೇ, ಒಬ್ಬಳು ಈ ದಿನ ಆಗುವುದಿಲ್ಲ ಎಂದಾಗ ಕೂಲಿ ಕಡಿಯದೆ ಒಣ ಕೆಲಸ, ನೆರಳಿನ ಕೆಲಸ ಕೊಡಲು ಆಗುತ್ತದಾ ಎಂದು ಕೂತು ಮಾತಾಡಿ. ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲೂ, ಗ್ರಾಮಸಭೆಯಲ್ಲೂ ಈ ಪ್ರಶ್ನೆ ಎತ್ತಬಹುದು. ಎತ್ತಲು ನಾಚಿಕೆಯಾದರೆ ನಾಲ್ಕು ಜನ ಸೇರಿ ಎತ್ತಿ.

ಮುಂದಿನ ಸಲ ಆ ವಿಡಿಯೊ ನಿಮ್ಮ ಗುಂಪಿಗೆ ಬಂದರೆ ಅದರ ಕೆಳಗೆ ಒಂದೇ ಸಾಲು ಬರೆಯಿರಿ: ನೋವಿಗೆ ಇದು ಆರಾಮ ಕೊಡಬಹುದು, ರಕ್ತಕ್ಕೆ ಊಟ ಮತ್ತು ಮಾತ್ರೆ ಬೇಕು.